ಊರು ಒಂದೇ, ಕಾಗುಣಿತ ಎರಡು
(ಹುಬ್ಬಳ್ಳಿಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಊರಿನ ಹೆಸರು ಬದಲಾಯಿತೆಂದು ಜನ ಹೇಳುತ್ತಾರೆ. ಹೆಸರು ಬದಲಾಗಿಲ್ಲ. ನಾವೂ ನಮ್ಮ ಅಜ್ಜಂದಿರೂ ಹುಬ್ಬಳ್ಳಿ ಎಂದೇ ಅಂದವರು, ಕನ್ನಡದಲ್ಲಿ ಹಾಗೆಯೇ ಬರೆದವರು. 2014ರ ನವೆಂಬರ್ 1ರಂದು ಬದಲಾದದ್ದು ಸರ್ಕಾರಿ ಇಂಗ್ಲಿಷಿನ ಕಾಗುಣಿತ ಮಾತ್ರ. ಎಚ್, ಯು, ಬಿ, ಎಲ್, ಐ ಎಂಬ ಐದಕ್ಷರದ ‘ಹುಬ್ಲಿ’ ಹೋಗಿ ಎಂಟಕ್ಷರದ ಹುಬ್ಬಳ್ಳಿ ಬಂತು.

ಈ ಐದಕ್ಷರ ಬ್ರಿಟಿಷರ ಕಾಲದ್ದು. ಆಂಗ್ಲ ಅಧಿಕಾರಿಗಳು ತಮ್ಮ ನಾಲಗೆಗೆ ಒಗ್ಗಿದಂತೆ ನಮ್ಮ ಊರುಗಳ ಹೆಸರು ಬರೆದರು. ಒತ್ತಕ್ಷರ ಬಿಟ್ಟರು, ನಡುವಿನ ಅಕಾರ ನುಂಗಿದರು. ‘ಳ’ಕ್ಕಂತೂ ಅವರಲ್ಲಿ ಅಕ್ಷರವೇ ಇಲ್ಲ. ಹೊಸಪೇಟೆ ‘ಹಾಸ್ಪೆಟ್’ ಆಯಿತು. ನೆರೆಯ ಧಾರವಾಡ ‘ಧಾರ್ವಾರ್’ ಎಂದು ಅವರ ಗ್ಯಾಝೆಟಿಯರಿನಲ್ಲಿ ಕೂತಿತು. ನಮ್ಮಂತೆಯೇ ಗಿರಣಿಯ ಊರಾದ ಕಾನ್ಪುರಕ್ಕೆ ‘ಕಾನ್‌ಪೋರ್’ ಎಂಬ ಪಾಡು ಬಂದಿತ್ತು. ಅದನ್ನು 1948ರಲ್ಲೇ ತಿದ್ದಿದರು. ನಮ್ಮದಕ್ಕೆ ಮತ್ತೆ ಅರವತ್ತಾರು ವರ್ಷ ಬೇಕಾಯಿತು.

ಬೆಂಗಳೂರನ್ನು ಇಂಗ್ಲಿಷಿನಲ್ಲೂ ಬೆಂಗಳೂರೆಂದೇ ಬರೆಯಬೇಕೆಂದು ಯು.ಆರ್. ಅನಂತಮೂರ್ತಿಯವರು 2005ರಲ್ಲಿ ಸೂಚಿಸಿದರು. ಕಡೆಗೆ ಕೇಂದ್ರದ ಒಪ್ಪಿಗೆ ಬಂದು ಹನ್ನೆರಡು ಊರುಗಳ ಬರಹ ಒಂದೇ ದಿನ ಬದಲಾಯಿತು. ಬಿಜಾಪುರ ವಿಜಯಪುರವಾದದ್ದು, ಗುಲ್ಬರ್ಗಾ ಕಲಬುರಗಿಯಾದದ್ದು ಬೇರೆ ಮಾತು. ಅಲ್ಲಿ ಕನ್ನಡದ ಸರ್ಕಾರಿ ಬರಹವೂ ಬದಲಾಯಿತು.

ತಿದ್ದಿದ್ದು ಸರಿಯೇ. ನಮಗೆ ಅದರಲ್ಲಿ ತಕರಾರಿಲ್ಲ. (ಎಂಟಕ್ಷರವಾದರೂ ‘ಳ’ ಬರಲಿಲ್ಲ, ಪರಊರಿನವ ಈಗಲೂ ‘ಹುಬ್ಬಲ್ಲಿ’ ಎಂದೇ ಓದುತ್ತಾನೆ!) ತಕರಾರಿರುವುದು ಅದರ ಖರ್ಚು ಯಾರ ತಲೆಗೆ ಬಿತ್ತೆಂಬುದರಲ್ಲಿ. ಅಂಗಡಿಕಾರ ಹೊಸ ಫಲಕ ಬರೆಸಿದ, ಬಿಲ್ಲಿನ ಪುಸ್ತಕ ಹೊಸದಾಗಿ ಅಚ್ಚು ಹಾಕಿಸಿದ, ರಬ್ಬರಿನ ಮುದ್ರೆ ಮಾಡಿಸಿದ. ಗಿರಣಿಯಿಂದ ನಿವೃತ್ತನಾದ ನಮ್ಮ ಹಿರಿಯನೊಬ್ಬ ಪ್ರಾವಿಡೆಂಟ್ ಫಂಡಿನ ಹಣಕ್ಕೆಂದು ಒಂದು ಕಚೇರಿಗೆ ಹೋದ. ಗಿರಣಿಯ ಕಾಗದದಲ್ಲಿ ಹಳೆಯ ಕಾಗುಣಿತ, ಆಧಾರ್ ಚೀಟಿಯಲ್ಲಿ ಹೊಸದು. “ಎರಡೂ ಒಂದೇ ಊರೆಂದು ಅಫಿಡವಿಟ್ ತಾ” ಎಂದರು. ಅವನ ಜೊತೆಗೆ ನಾವೂ ಹೋಗಿದ್ದೆವು. ಛಾಪಾ ಕಾಗದ, ಟೈಪಿಂಗು, ನೋಟರಿ, ಮೂರು ದಿನದ ಅಲೆದಾಟ. ಹುಬ್ಬಳ್ಳಿಯ ಕಚೇರಿಯಲ್ಲಿ ಕೂತು, ಹುಬ್ಬಳ್ಳಿಯವನಿಂದ, ಹುಬ್ಬಳ್ಳಿ ಹುಬ್ಬಳ್ಳಿಯೇ ಎಂದು ಪ್ರಮಾಣ ಮಾಡಿಸಿಕೊಂಡರು!

ರೈಲ್ವೆಯನ್ನು ನೋಡಿ. 2020ರಲ್ಲಿ ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರು ಬಂತು. ಸಂಕೇತ ಮಾತ್ರ ಇಂದಿಗೂ ಹಳೆಯ ಯು.ಬಿ.ಎಲ್. ಅದರಲ್ಲಿ ‘ಎಚ್’ ಕೂಡ ಇಲ್ಲ. ಆದರೂ ಟಿಕೀಟು ಸಿಗುತ್ತದೆ, ಗಾಡಿ ಬಂದು ನಿಲ್ಲುತ್ತದೆ. ಸರ್ಕಾರ ತನ್ನ ಹಳೆಯ ಅಕ್ಷರವನ್ನು ತಾನು ಇಟ್ಟುಕೊಳ್ಳಬಹುದು. ಬಡವನ ಕಾಗದದಲ್ಲಿದ್ದರೆ ಮಾತ್ರ ಅದು ದೋಷ.

ಎರಡೂ ಕಾಗುಣಿತ ಒಂದೇ ಊರಿನದೆಂಬ ಎರಡು ಸಾಲಿನ ಸುತ್ತೋಲೆ ಹೊರಡಲಿ, ಅದನ್ನು ಪ್ರತಿ ಕಚೇರಿಯ ಕಿಟಕಿಯ ಮೇಲೆ ಕನ್ನಡದಲ್ಲಿ ಅಂಟಿಸಲಿ ಎಂದು ನಾವು ಮನವಿ ಬರೆಯುತ್ತಿದ್ದೇವೆ. ಈ ಕಾರಣಕ್ಕೆ ಕಾಗದ ವಾಪಸು ಬಂದವರು ಅದರ ನಕಲನ್ನು ಬರುವ ಭಾನುವಾರದೊಳಗೆ ನಮಗೆ ತಂದುಕೊಡಿ.