ಮಗುವಿನ ಕೈಗೊಂದು ಕಾಸಿನ ಡಬ್ಬಿ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂದು ಎರಡು ನಾಲಿಗೆಯಲ್ಲಿ ಬಾಳುತ್ತಿರುವ ಸೋಮನೂರಿನ ಮಗ್ಗದ ಮನೆಗಳವರಿಗೂ, ತಾಳವಾಡಿಯ ಬೆಟ್ಟದ ಮೇಲಿನ ರೈತ ಬಂಧುಗಳಿಗೂ ನನ್ನ ಮಾತು ಮುಟ್ಟಲಿ. ಚಿಕ್ಕ ಮಕ್ಕಳಿಗೆ ಒಂದು ಸಂಗ್ರಹದ ಹವ್ಯಾಸವನ್ನು ಹೇಗೆ ಹಿಡಿಸುವುದು ಎಂಬುದು ಇಂದಿನ ವಿಷಯ. ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದ್ದರಿಂದ ನನಗೆ ತಿಳಿದಿರುವ ವಸ್ತುವಾದ ಕಾಸಿನ ಮೂಲಕವೇ ಈ ವಿಷಯವನ್ನು ಹೇಳುತ್ತೇನೆ.

ಮೊದಲು ದೂರದ ಒಂದು ದೇಶದ ಸಂಗತಿ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟ ನಮ್ಮ ಕ್ರಿಕೆಟ್ಟಿನ ಹಾಗೆ ಜನಪ್ರಿಯ. ಆಟಗಾರರ ಚಿತ್ರವುಳ್ಳ ಸಣ್ಣ ರಟ್ಟಿನ ಕಾರ್ಡುಗಳನ್ನು ಅಲ್ಲಿನ ಮಕ್ಕಳು ಕೂಡಿಡುತ್ತಾರೆ. 1880ರ ದಶಕದಲ್ಲಿ ಈ ಕಾರ್ಡುಗಳು ಸಿಗರೇಟು ಪೊಟ್ಟಣಗಳಲ್ಲಿ ಬರುತ್ತಿದ್ದವು. ಆಮೇಲೆ ಬಬಲ್ ಗಮ್ಮಿನೊಡನೆ ಬರತೊಡಗಿದವು. 1952ರಲ್ಲಿ ಟಾಪ್ಸ್ ಎಂಬ ಕಂಪನಿ ಹೊರಡಿಸಿದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಷ್ಟು ಬೆಲೆ ಏಕೆ ಬಂತು? ಆ ಕಾಲದ ಕಾರ್ಡುಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದರು, ತಾಯಂದಿರು ಕಸಕ್ಕೆ ಹಾಕಿದರು. ಹೀಗಾಗಿ ಉಳಿದದ್ದು ಕೆಲವೇ.

ಈ ಬೆಲೆಯ ಸುದ್ದಿ ಹಬ್ಬಿತು. 1980ರ ದಶಕದ ಕೊನೆಗೆ ತಂದೆ ತಾಯಿಯರು, ಮಗನ ಕಾಲೇಜು ಖರ್ಚಿಗೆ ಆಗುತ್ತದೆ ಎಂದು ಪೆಟ್ಟಿಗೆಗಟ್ಟಲೆ ಕಾರ್ಡು ಕೊಂಡು, ಬಿಚ್ಚದೆ ಅಟ್ಟಕ್ಕೇರಿಸಿದರು. ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಇಂದು ಕೊಂಡ ಬೆಲೆಗೂ ಹೋಗುವುದಿಲ್ಲ. ಇತ್ತ ಮಕ್ಕಳಿಗೆ ಆಡುವ ಸುಖವೂ ಸಿಗಲಿಲ್ಲ. ನಾವು ಇದರಿಂದ ಕಲಿಯಬೇಕಾದ ಪಾಠ ಒಂದೇ. ಮಗುವಿನ ಸಂಗ್ರಹವನ್ನು ಲಾಭದ ಲೆಕ್ಕದಿಂದ ಆರಂಭಿಸಬಾರದು. ಮನೆಗೆ ತಾನಾಗಿ ಬರುವ ವಸ್ತುವಿನಿಂದ ಆರಂಭಿಸಬೇಕು.

ನಮ್ಮಲ್ಲಿಯೂ ಇಂಥ ಹವ್ಯಾಸಗಳು ಇದ್ದವು. ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಹುಡುಗರು ಕೂಡಿಡುತ್ತಿದ್ದರು. ಬಿಗ್ ಫನ್ ಬಬಲ್ ಗಮ್ಮಿನೊಡನೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿದ್ದ ಕಾಲವೂ ಒಂದಿತ್ತು. ಅಂಚೆಚೀಟಿಯಂತೂ ಇದ್ದೇ ಇತ್ತು. ಬಸವೇಶ್ವರ, ಪುರಂದರದಾಸ, ವಿಶ್ವೇಶ್ವರಯ್ಯ ಮೂವರನ್ನೂ 1960ರ ದಶಕದಲ್ಲಿಯೇ ಅಂಚೆಚೀಟಿಯಲ್ಲಿ ನೋಡಿದವರು ನಾವು. ಈಗ ಮನೆಗೆ ಕಾಗದ ಬರುವುದು ಅಪರೂಪ. ಬಂದರೂ ಚೀಟಿಯ ಜಾಗದಲ್ಲಿ ಯಂತ್ರದ ಮುದ್ರೆ. ಆದರೆ ಕಾಸು ಇನ್ನೂ ಮನೆಗೆ ಬರುತ್ತಿದೆ. ಫೋನು ತೋರಿಸಿ ಹಣ ಕೊಡುವ ಈ ದಿನಗಳಲ್ಲಿ ಅದು ಮಕ್ಕಳ ಕೈಗೆ ಸಿಗುವುದು ಕಡಿಮೆಯಾಗುತ್ತಿದೆ. ಅದಕ್ಕಾಗಿಯೇ ಈಗಲೇ ಆರಂಭಿಸಿ ಎನ್ನುತ್ತೇನೆ.

ಎಷ್ಟನೆಯ ವಯಸ್ಸಿಗೆ ಎಂದು ಕೇಳಬಹುದು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಕೂಸಿನ ಹತ್ತಿರ ಕಾಸು ಇರಲೇಬಾರದು. ಗಂಟಲಿಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಅಂಕಿಗಳನ್ನು ಓದಲು ಬಂದ ಮೇಲೆ, ಆರು ಏಳು ವರ್ಷಕ್ಕೆ, ಹಿರಿಯರು ಪಕ್ಕದಲ್ಲಿ ಕೂತು ಶುರು ಮಾಡಬೇಕು. ಬೇಕಾದದ್ದು ಒಂದು ಡಬ್ಬಿ, ಒಂದು ನೋಟ್ ಪುಸ್ತಕ, ಒಂದು ಭೂತಗನ್ನಡಿ. ಇಷ್ಟೇ ಬಂಡವಾಳ.

ಮೊದಲ ಆಟ ವರ್ಷ ಹುಡುಕುವುದು. ಸಂತೆಯಿಂದ ಬಂದ ಚಿಲ್ಲರೆಯನ್ನು ಮಗುವಿನ ಮುಂದೆ ಸುರಿಯಿರಿ. ಒಂದೊಂದು ವರ್ಷಕ್ಕೆ ಒಂದೊಂದು ಒಂದು ರೂಪಾಯಿ ನಾಣ್ಯ ಆರಿಸಲಿ. ತಾನು ಹುಟ್ಟಿದ ವರ್ಷದ್ದು, ಅಕ್ಕ ಹುಟ್ಟಿದ ವರ್ಷದ್ದು, ಅಪ್ಪ ಅಮ್ಮನ ಮದುವೆಯ ವರ್ಷದ್ದು ಎಂದು ಹುಡುಕಿದರೆ ಮನೆಯ ಚರಿತ್ರೆಯೇ ಡಬ್ಬಿಗೆ ಬರುತ್ತದೆ.

ಎರಡನೆಯ ಆಟ ಗುರುತು ಹುಡುಕುವುದು. ವರ್ಷದ ಅಂಕಿಯ ಕೆಳಗೆ ಭೂತಗನ್ನಡಿ ಹಿಡಿದು ನೋಡಿ. ಸಣ್ಣ ವಜ್ರದ ಆಕಾರವಿದ್ದರೆ ಅದು ಮುಂಬೈ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದಿನದು. ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ನಮ್ಮೂರ ಪೆಟ್ಟಿಗೆ ಅಂಗಡಿಗೆ ಬಂದ ಒಂದು ರೂಪಾಯಿ ಎಷ್ಟು ದೂರದಿಂದ ಬಂದಿದೆ ಎಂದು ಭೂಪಟದಲ್ಲಿ ತೋರಿಸಬಹುದು.

ಮೂರನೆಯದು ಹಳೆಯ ಕಾಸು. ಅಜ್ಜಿಯ ಸೀರೆ ಪೆಟ್ಟಿಗೆ, ದೇವರ ಗೂಡು, ಒಡೆಯದೆ ಉಳಿದ ಮಣ್ಣಿನ ಉಂಡಿಯಲ್, ಇವುಗಳಲ್ಲಿ ಹುಡುಕಿದರೆ ಖಂಡಿತ ಸಿಗುತ್ತದೆ. ದಶಮಾನ ಪದ್ಧತಿಯ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ನನಗೂ ಅದಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು! ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. 1964ರಲ್ಲಿ ‘ನಯಾ’ ಎಂಬ ಮಾತು ಬಿಟ್ಟು ಬರೀ ಪೈಸೆಯಾಯಿತು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಈ ನಾಣ್ಯಗಳಿಂದ ಗಣಿತವನ್ನೂ ಕಲಿಸಬಹುದು. 5 ಪೈಸೆಗೆ ನಾಲ್ಕು ಮಗ್ಗುಲು, 3 ಪೈಸೆಗೆ ಆರು. 1990ರ ದಶಕದ 2 ರೂಪಾಯಿಗೆ ಹನ್ನೊಂದು, ಎಣಿಸಿ ನೋಡಿ. ಈಚಿನ 20 ರೂಪಾಯಿ ನಾಣ್ಯಕ್ಕೆ ಹನ್ನೆರಡು. ಮಗು ಎಣಿಸುತ್ತಾ ಎಣಿಸುತ್ತಾ ತಾನೇ ಮೇಷ್ಟ್ರಾಗುತ್ತದೆ.

ಜೋಪಾನ ಮಾಡುವ ಬಗೆಯನ್ನೂ ಹೇಳುತ್ತೇನೆ. ತಾಮ್ರದ ಕಾಸು ಕಪ್ಪಾಗಿದೆ ಎಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಚೊಂಬು ಬೆಳಗುವ ಹಾಗೆ ಕಾಸನ್ನು ಬೆಳಗಿದರೆ ಮೇಲಿನ ಅಚ್ಚು ಸವೆಯುತ್ತದೆ, ಹಳೆಯ ಗುಣ ಹೋಗುತ್ತದೆ. ಅಂಚನ್ನು ಹಿಡಿದು ಎತ್ತುವುದನ್ನು ಮಗುವಿಗೆ ಅಭ್ಯಾಸ ಮಾಡಿಸಿ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಕಾಸು ಬಹುಕಾಲ ಇದ್ದರೆ ಅಂಟಂಟಾಗಿ ಹಸಿರು ಹಿಡಿಯುತ್ತದೆ. ಒಣಗಿದ ಕಾಗದದ ಪೊಟ್ಟಣವೇ ಮೇಲು. ನೋಟಿಗೆ ಪಿನ್ನು ಚುಚ್ಚಬೇಡಿ, ಅದರ ಮೇಲೆ ಬರೆಯಬೇಡಿ.

ನೋಟು ಎಂದಾಗ ನನ್ನ ಮನಸ್ಸಿನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತಮಿಳು, ಇಂಗ್ಲಿಷು ಓದುತ್ತಾರೆ. ಅವರಲ್ಲಿ ಬಹಳ ಮಂದಿಗೆ ಕನ್ನಡದ ಅಕ್ಷರ ಗೊತ್ತಿಲ್ಲ. ಮಾತು ಮಾತ್ರ ಉಳಿದು ಅಕ್ಷರ ಹೋದರೆ, ಇನ್ನೊಂದು ತಲೆಮಾರಿಗೆ ಮಾತೂ ಸೊರಗುತ್ತದೆ. ಇದಕ್ಕೆ ಪುಸ್ತಕ ಎಲ್ಲಿ, ಮೇಷ್ಟ್ರು ಎಲ್ಲಿ ಎಂದು ಕೇಳುತ್ತೀರಿ. ನಿಮ್ಮ ಜೇಬಿನಿಂದ ಒಂದು ಹತ್ತು ರೂಪಾಯಿ ನೋಟು ತೆಗೆಯಿರಿ. ಹಿಂಬದಿಯಲ್ಲಿ ಒಂದು ಪಟ್ಟಿಯಿದೆ. ಅದರಲ್ಲಿ 15 ಭಾಷೆಗಳಲ್ಲಿ ನೋಟಿನ ಬೆಲೆ ಅಚ್ಚಾಗಿದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ಕೆಳಗಿನಿಂದ ಮೂರನೆಯ ಸಾಲು ತಮಿಳು. ನಮ್ಮ ಎರಡು ನುಡಿಗಳೂ ಒಂದೇ ಚೀಟಿಯಲ್ಲಿ ಜಗಳವಿಲ್ಲದೆ ಕೂತಿವೆ!

ಮಗು ತಮಿಳು ಸಾಲನ್ನು ತಾನೇ ಓದಲಿ. ಆಮೇಲೆ ಅದರ ಬೆರಳು ಹಿಡಿದು ಕನ್ನಡದ ಸಾಲಿನ ಮೇಲೆ ನಡೆಸಿರಿ. ಹತ್ತು, ಇಪ್ಪತ್ತು, ಐವತ್ತು, ನೂರು. ಅರ್ಥ ಮೊದಲೇ ಗೊತ್ತಿರುವುದರಿಂದ ಅಕ್ಷರ ಬೇಗ ಹತ್ತುತ್ತದೆ. ತಿಂಗಳಿಗೊಂದು ನೋಟು ಸಾಕು. ಐವತ್ತರ ಹೊಸ ನೋಟು 2017ರಲ್ಲಿ ಬಂತು. ಅದರ ಹಿಂಬದಿಯಲ್ಲಿರುವುದು ಹಂಪಿಯ ಕಲ್ಲಿನ ರಥ. ಹಂಪಿ ಎಲ್ಲಿದೆ, ಕಟ್ಟಿದವರು ಯಾರು ಎಂದು ಮಗು ಕೇಳಿದರೆ ತಾತನಿಗೆ ಒಂದು ಸಂಜೆಯ ಕಥೆಯಾಯಿತು. ಒಂದು ರೂಪಾಯಿ ನೋಟು ಸಿಕ್ಕಿದರೆ ಸಹಿ ನೋಡಿಸಿ. ಅದರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಇಲ್ಲ, ಕೇಂದ್ರ ಸರ್ಕಾರದ ಹಣಕಾಸು ಕಾರ್ಯದರ್ಶಿಯ ಸಹಿ ಇದೆ. ಆ ನೋಟನ್ನು ಹೊರಡಿಸುವುದು ಸರ್ಕಾರವೇ.

ಕಾಸಿನ ವಿಷಯದಲ್ಲಿ ನಮ್ಮ ಕೊಂಗುನಾಡು ಬಡವಲ್ಲ. ಕೋಯಮತ್ತೂರಿನ ಹತ್ತಿರದ ವೆಳ್ಳಲೂರಿನಲ್ಲಿ 1842ರಲ್ಲಿ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತು. ಎರಡು ಸಾವಿರ ವರ್ಷದ ಹಿಂದೆಯೇ ಕಡಲಾಚೆಯ ಹಣ ಈ ದಾರಿಯಲ್ಲಿ ಓಡಾಡಿತ್ತು. 1799ರವರೆಗೆ ಕೋಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ ಇದೆ. ಆಮೇಲೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲಿ ಕನ್ನಡ ಅಕ್ಷರವೇ ಇದೆ. ಒಂದು ಎಚ್ಚರಿಕೆ: ಹೊಲ ಉಳುವಾಗ, ಅಡಿಪಾಯ ತೋಡುವಾಗ ಹಳೆಯ ನಿಧಿ ಸಿಕ್ಕಿದರೆ ಅದು ಮಗುವಿನ ಡಬ್ಬಿಗೆ ಬರುವಂಥದ್ದಲ್ಲ. 1878ರ ನಿಧಿ ಕಾಯಿದೆಯಂತೆ ಕಲೆಕ್ಟರಿಗೆ ತಿಳಿಸಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಹಳೆಯ 5 ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೀವು ಕಮಿಷನ್ ಕಟ್ಟಿ ಎಂದು ಫೋನು ಬರುತ್ತದೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೇಳುತ್ತಾರೆ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಸ್ಪಷ್ಟ ಮಾಡಿದೆ: ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ, ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ. ಲಕ್ಷ ಕೊಡುವವನು ನಿಮ್ಮಿಂದ ಮೊದಲು ಸಾವಿರ ಏಕೆ ಕೇಳಬೇಕು? ಇಷ್ಟು ಯೋಚಿಸಿದರೆ ಸಾಕು, ಫೋನು ಕೆಳಗಿಡಬಹುದು. ಮನೆಯ ಹಿರಿಯರು ಬೆಲೆಯ ಆಸೆಗೆ ಬಿದ್ದರೆ ಮಗುವಿನ ಡಬ್ಬಿಯ ಮೇಲೆ ಅದರ ಅಧಿಕಾರ ಹೋಯಿತೆಂದೇ ಲೆಕ್ಕ.

ಡಬ್ಬಿ ಮಗುವಿನದೇ ಆಗಿರಲಿ. ಜೊತೆಯ ಹುಡುಗರೊಡನೆ ಒಂದು ನಕ್ಷತ್ರದ ಕಾಸು ಕೊಟ್ಟು ಒಂದು ವಜ್ರದ ಕಾಸು ತಂದರೆ ಗದರಿಸಬೇಡಿ. ಅದೂ ಒಂದು ವ್ಯಾಪಾರದ ಪಾಠ. ನೋಟ್ ಪುಸ್ತಕದಲ್ಲಿ ಎಡಗಡೆ ತಮಿಳಿನಲ್ಲಿ, ಬಲಗಡೆ ಕನ್ನಡದಲ್ಲಿ ಕಾಸಿನ ಹೆಸರು, ವರ್ಷ, ಕೊಟ್ಟವರ ಹೆಸರು ಬರೆಯಿಸಿ. ಕಾಸಿನ ಬೆಲೆ ನಾಳೆ ಏರಬಹುದು, ಇಳಿಯಬಹುದು. ಮಗು ತನ್ನ ಕೈಯಿಂದ ಬರೆದ ಕನ್ನಡದ ಆ ನಾಲ್ಕು ಸಾಲು ಮಾತ್ರ ಯಾವ ಬ್ಯಾಂಕಿನಲ್ಲೂ ಇಡಲಾಗದ ಠೇವಣಿ. ಇಂದು ಸಂಜೆಯೇ ಒಂದು ಡಬ್ಬಿ ತೊಳೆದು ಒಣಗಿಸಿರಿ.