ಆಡಿನ ಹಾಲಿಗೆ ಆಯುಷ್ಯ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಹತ್ತಾರು ಶಾಸ್ತ್ರಗಳಲ್ಲಿ ಪರಿಶ್ರಮವಿರುವ ವಿದ್ವಾಂಸರನ್ನು ಹೊಗಳುವಾಗಲೂ, ಎಲ್ಲದಕ್ಕೂ ಬಾಯಿ ಹಾಕಿ ಯಾವುದನ್ನೂ ಪೂರ್ಣ ಮಾಡದವರನ್ನು ಹಳಿಯುವಾಗಲೂ ನಾವು ಇದೇ ಗಾದೆಯನ್ನು ಬಳಸುತ್ತೇವೆ. ಗಾದೆ ಆಡಿನ ಬಾಯಿಯ ವಿಷಯ ಹೇಳಿತೇ ಹೊರತು ಅದರ ಕೆಚ್ಚಲಿನ ವಿಷಯ ಹೇಳಲಿಲ್ಲ. ಮುಟ್ಟಿದ ಸೊಪ್ಪೆಲ್ಲ ಹಾಲಾಗಿ, ಹಾಲು ಹೆಪ್ಪುಗಟ್ಟಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುವ ಆಹಾರವಾಗುವ ಬಗೆಯೊಂದುಂಟು. ಆಡಿನ ಹಾಲಿನ ಚೀಸ್ ಎಂಬ ಆ ಪದಾರ್ಥವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಶ್ರೋತೃಗಳೇ, ಮೊದಲು ಶಬ್ದವನ್ನೇ ನೋಡೋಣ. ಚೀಸ್‌ಗೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ಗಿಣ್ಣು ಎಂದು ಹೇಳುವವರುಂಟು. ಆದರೆ ಗಿಣ್ಣು ಈದ ಹೊಸತರಲ್ಲಿ ಬರುವ ಹಾಲಿನದು, ಎರಡು ದಿನದ ಭಾಗ್ಯ. ಚೀಸ್ ಹಾಗಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಕಾಸೆಯುಸ್’ ಎಂಬ ಹೆಸರಿತ್ತು. ಇಂಗ್ಲಿಷಿನ ಚೀಸ್, ಜರ್ಮನ್ನರ ಕೇಸ, ಸ್ಪೇನಿನವರ ಕೇಸೊ ಇವೆಲ್ಲ ಅದರ ಸಂತತಿ. ಫ್ರಾನ್ಸ್ ಮತ್ತು ಇಟಲಿಯ ಜನ ಬೇರೊಂದು ಶಬ್ದವನ್ನು ಹಿಡಿದರು. ‘ಫಾರ್ಮ’ ಎಂದರೆ ಅಚ್ಚು. ಅಚ್ಚಿನಲ್ಲಿ ರೂಪುಗೊಂಡದ್ದು ಎಂಬ ಅರ್ಥದಲ್ಲಿ ಫ್ರೆಂಚರ ‘ಫ್ರೊಮಾಜ್’, ಇಟಲಿಯವರ ‘ಫೊರ್ಮಾಜ್ಜೊ’ ಹುಟ್ಟಿದವು. ಹರಿದುಹೋಗುವ ಹಾಲಿಗೆ ಒಂದು ರೂಪು ಕೊಟ್ಟು ನಿಲ್ಲಿಸುವುದು ಎಂಬ ಭಾವ ಈ ಹೆಸರಿನಲ್ಲೇ ಅಡಗಿದೆ.

ಹೋಮರನ ‘ಒಡಿಸ್ಸಿ’ಯ ಒಂಬತ್ತನೆಯ ಸರ್ಗದಲ್ಲಿ ಪಾಲಿಫೀಮಸ್ ಎಂಬ ಒಕ್ಕಣ್ಣಿನ ರಾಕ್ಷಸ ಬರುತ್ತಾನೆ. ಅವನು ನರಭಕ್ಷಕನೆಂಬುದು ಎಲ್ಲರಿಗೂ ಗೊತ್ತು. ಅವನು ಅಚ್ಚುಕಟ್ಟಾದ ಹೈನುಗಾರನೂ ಹೌದೆಂಬುದನ್ನು ನಾವು ಮರೆಯುತ್ತೇವೆ. ಕುರಿ ಮತ್ತು ಆಡುಗಳನ್ನು ಕ್ರಮವಾಗಿ ಕರೆದು, ಅರ್ಧ ಹಾಲನ್ನು ಹೆಪ್ಪುಗಟ್ಟಿಸಿ ಬೆತ್ತದಂಥ ಹೆಣಿಗೆಯ ಬುಟ್ಟಿಗಳಲ್ಲಿ ತುಂಬಿಡುತ್ತಾನೆ. ಉಳಿದರ್ಧವನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳುತ್ತಾನೆ. ಸುಮಾರು ಎರಡು ಸಾವಿರದ ಏಳುನೂರು ವರ್ಷಗಳ ಹಿಂದಿನ ಕಾವ್ಯದಲ್ಲಿ ಈ ವಿಧಾನ ಇಷ್ಟು ವಿವರವಾಗಿ ಬಂದಿದೆಯೆಂದರೆ, ಕೇಳುವ ಜನಕ್ಕೆ ಅದು ಮನೆಯ ಕೆಲಸವೇ ಆಗಿದ್ದಿರಬೇಕು. ಅರ್ಧ ಇಂದಿಗೆ, ಅರ್ಧ ಮುಂದಿಗೆ: ಚೀಸಿನ ಸಮಗ್ರ ತತ್ತ್ವ ಇದರಲ್ಲೇ ಇದೆ.

ಈ ಮುಂದಿನ ಚಿಂತೆ ಆಡಿನ ಒಡೆಯನಿಗೆ ಏಕೆ ಬಂತು? ಇರಾನಿನ ಪಶ್ಚಿಮದ ಜಾಗ್ರೋಸ್ ಬೆಟ್ಟಗಳ ಸೀಮೆಯಲ್ಲಿ ಸುಮಾರು 10,000 ವರ್ಷಗಳ ಹಿಂದೆಯೇ ಮನುಷ್ಯ ಆಡನ್ನು ಪಳಗಿಸಿದನು. ಹಸುವಿಗೆ ಹುಲ್ಲುಗಾವಲು ಬೇಕು. ಆಡಿಗೆ ಮುಳ್ಳುಕಂಟಿಯೂ ಸಾಕು. ಆದ್ದರಿಂದ ಎಲ್ಲ ದೇಶಗಳಲ್ಲಿಯೂ ಅದು ಬಡವನ ಸಂಗಾತಿಯಾಯಿತು. ಆದರೆ ಸಮಶೀತೋಷ್ಣ ದೇಶಗಳಲ್ಲಿ ಆಡು ವರ್ಷವಿಡೀ ಹಾಲು ಕೊಡುವುದಿಲ್ಲ. ವಸಂತಕ್ಕೆ ಸ್ವಲ್ಪ ಮುಂಚೆ ಈಯುತ್ತದೆ, ಚಳಿಗಾಲದ ಹೊತ್ತಿಗೆ ಬತ್ತುತ್ತದೆ. ವಸಂತದಲ್ಲಿ ಕುಡಿದು ಮುಗಿಯದ ಹಾಲು, ಮಾಗಿಯಲ್ಲಿ ತೊಟ್ಟೂ ಇಲ್ಲ. ಈ ಸುಭಿಕ್ಷ ದುರ್ಭಿಕ್ಷಗಳ ನಡುವೆ ಬಡ ಒಕ್ಕಲಿನ ಹೆಂಗಸು ಕಟ್ಟಿದ ಸೇತುವೆಯೇ ಚೀಸ್.

ಫ್ರಾನ್ಸಿನ ಲ್ವಾರ್ ನದಿಯ ಸೀಮೆ ಈ ವಿದ್ಯೆಗೆ ಹೆಸರಾದದ್ದು. ಅಲ್ಲಿ ಆಡಿಗೂ ಅದರ ಚೀಸಿಗೂ ‘ಶೆವ್ರ್’ ಎಂಬುದೊಂದೇ ಹೆಸರು. ವ್ಯಾಕರಣದ ಲಿಂಗ ಮಾತ್ರ ಬೇರೆ. ವಿಧಾನ ಸರಳ. ಹಾಲಿಗೆ ಹೆಪ್ಪು ಹಾಕಿ, ರೆನೆಟ್ ಎಂಬ ಒಡೆಸುವ ದ್ರವದ ಕೆಲವೇ ಹನಿ ಸೇರಿಸಿ, ತಣ್ಣನೆಯ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಡುತ್ತಾರೆ. ಹೆಪ್ಪುಗಟ್ಟಿದ ಗರಣೆಯನ್ನು ಸೌಟಿನಿಂದ ಮೃದುವಾಗಿ ಎತ್ತಿ ತೂತುಗಳುಳ್ಳ ಅಚ್ಚುಗಳಿಗೆ ತುಂಬಿದರೆ ತಿಳಿನೀರು ತಾನೇ ಇಳಿದುಹೋಗುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವ ನಮ್ಮ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಮೇಲೆ ಉಪ್ಪು. ಕೆಲವು ಬಗೆಗೆ ಇದ್ದಿಲಿನ ನುಣ್ಣನೆಯ ಪುಡಿಯನ್ನೂ ಸವರುತ್ತಾರೆ. ಅದು ಮೇಲ್ಮೈಯ ಹುಳಿಯನ್ನು ತಗ್ಗಿಸಿ, ಒಳ್ಳೆಯ ಬೂಷ್ಟು ಬೆಳೆಯಲು ಅನುವು ಮಾಡುತ್ತದೆ.

ಒಂದೊಂದು ಊರು ಒಂದೊಂದು ರೂಪು ಕೊಟ್ಟಿತು. ಶಾವಿಞೋಲ್ ಎಂಬ ಹಳ್ಳಿಯದು ಅಂಗೈಯಲ್ಲಿ ಮುಚ್ಚಿಡಬಹುದಾದ ಪುಟ್ಟ ಬಿಲ್ಲೆ; ಆ ಹೆಸರಿಗೆ 1976ರಲ್ಲಿ ಫ್ರೆಂಚ್ ಸರಕಾರದ ರಕ್ಷಣೆ ದೊರೆಯಿತು. ಸೇಂಟ್ ಮೋರ್ ಎಂಬುದು ಕೊಳವೆಯಂತೆ ಉದ್ದ; ಮುರಿಯದಿರಲೆಂದು ನಡುವೆ ಒಂದು ರೈ ಹುಲ್ಲಿನ ಕಡ್ಡಿ, ಆ ಕಡ್ಡಿಯ ಮೇಲೆ ತಯಾರಿಸಿದವನ ಗುರುತು. ವಲಾಂಸೆಯದು ತುದಿ ಕತ್ತರಿಸಿದ ಪಿರಮಿಡ್ಡು. ಈಜಿಪ್ಟಿನಿಂದ ಸೋತು ಬಂದ ನೆಪೋಲಿಯನ್ ಪಿರಮಿಡ್ಡಿನ ಆಕಾರ ಕಂಡು ಸಿಟ್ಟಾಗಿ ಕತ್ತಿಯಿಂದ ಅದರ ತಲೆ ಹಾರಿಸಿದನೆಂಬುದು ದಂತಕಥೆ. ದಕ್ಷಿಣದ ಪ್ರೊವಾನ್ಸ್ ಪ್ರಾಂತದ ಬಾನೊನ್ ಚೀಸನ್ನು ಚೆಸ್ಟ್‌ನಟ್ ಮರದ ಎಲೆಗಳಲ್ಲಿ ಸುತ್ತಿ ನಾರಿನಿಂದ ಕಟ್ಟುತ್ತಾರೆ. ಆಡು ಮುಟ್ಟಿದ ಸೊಪ್ಪು ಕೊನೆಗೆ ಅದರ ಹಾಲಿಗೇ ಹೊದಿಕೆಯಾದಂತಾಯಿತು!

ಇನ್ನು ಬಣ್ಣ ಮತ್ತು ವಾಸನೆ. ಹಸುವಿನ ಬೆಣ್ಣೆ ಹಳದಿಯಾಗಿ ಕಾಣುವುದು ಸೊಪ್ಪಿನಲ್ಲಿರುವ ಕೆರೋಟಿನ್ ಎಂಬ ವರ್ಣದ್ರವ್ಯ ಹಾಲಿಗೆ ಇಳಿಯುವುದರಿಂದ. ಆಡಾದರೋ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ‘ಎ’ ಜೀವಸತ್ತ್ವವಾಗಿ ಪರಿವರ್ತಿಸಿಬಿಡುತ್ತದೆ. ಆದ್ದರಿಂದಲೇ ಅದರ ಚೀಸ್ ಮಲ್ಲಿಗೆಯಂತೆ ಬಿಳುಪು. ಬಿಳುಪೆಂದ ಮಾತ್ರಕ್ಕೆ ಸತ್ತ್ವಹೀನವಲ್ಲ. ಮೂಗು ಮುರಿಯುವವರು ದೂರುವ ಆ ವಾಸನೆಗೂ ಒಂದು ಇತಿಹಾಸವಿದೆ. ಶೆವ್ರಲ್ ಎಂಬ ಫ್ರೆಂಚ್ ರಸಾಯನವಿಜ್ಞಾನಿ ಕೊಬ್ಬುಗಳನ್ನು ಕುರಿತು 1823ರಲ್ಲಿ ಒಂದು ಮಹತ್ವದ ಗ್ರಂಥವನ್ನು ಪ್ರಕಟಿಸಿದನು. ಅವನ ಶೋಧದಿಂದ ಮೊದಲಾಗಿ ಗುರುತಿಸಲಾದ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಮೂರು ಆಮ್ಲಗಳ ಹೆಸರಿನಲ್ಲಿಯೂ ಲ್ಯಾಟಿನ್ನಿನ ಆಡು, ‘ಕಾಪ್ರ’, ಕುಳಿತಿದೆ. ಆಡಿನ ಹಾಲಿನ ಕೊಬ್ಬಿನಲ್ಲಿ ಇವುಗಳ ಪಾಲು ಹಸುವಿನ ಹಾಲಿನಲ್ಲಿರುವುದರ ಸುಮಾರು ಎರಡರಷ್ಟು. ವಿಜ್ಞಾನದ ಪರಿಭಾಷೆಯಲ್ಲೂ ಆಡು ತನ್ನ ಹೆಜ್ಜೆ ಬಿಟ್ಟುಹೋಗಿದೆ.

ಪೋಷಕಾಂಶಗಳ ಲೆಕ್ಕಕ್ಕೆ ಬರೋಣ. ಮೃದುವಾದ ತಾಜಾ ಚೀಸಿನ 100 ಗ್ರಾಮಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನು, 21 ಗ್ರಾಂ ಕೊಬ್ಬು, 264 ಕ್ಯಾಲೊರಿ ಶಕ್ತಿ ಇದೆ. ನೀರಿಳಿದು ಗಟ್ಟಿಯಾದ ಹಳೆಯ ಚೀಸಿನಲ್ಲಿ ಪ್ರೋಟೀನು ಸುಮಾರು 30 ಗ್ರಾಂ, ಕೊಬ್ಬು 35 ಗ್ರಾಂ, ಶಕ್ತಿ 450 ಕ್ಯಾಲೊರಿ. ಆಶ್ಚರ್ಯವಿರುವುದು ಕ್ಯಾಲ್ಸಿಯಂ ವಿಷಯದಲ್ಲಿ. ಗಟ್ಟಿ ಚೀಸಿನಲ್ಲಿ ಅದು 900 ಮಿಲಿಗ್ರಾಮಿನ ಸಮೀಪವಿದ್ದರೆ, ಮೃದು ಚೀಸಿನಲ್ಲಿ ಕೇವಲ 140. ನೀರಿನಂಶದ ವ್ಯತ್ಯಾಸವೊಂದರಿಂದಲೇ ಇಷ್ಟು ಅಂತರ ಬರುವುದಿಲ್ಲ. ಮೃದು ಚೀಸನ್ನು ಹೆಪ್ಪುಗಟ್ಟಿಸುವುದು ಮುಖ್ಯವಾಗಿ ಹುಳಿ. ಆ ಹುಳಿ ಕ್ಯಾಲ್ಸಿಯಮನ್ನು ಕರಗಿಸಿ ತಿಳಿನೀರಿನೊಡನೆ ಸಾಗಹಾಕುತ್ತದೆ. ಮೂಳೆಗೆ ಬಲ ಬರಲೆಂದು ದುಡ್ಡು ಸುರಿದು ಮೃದು ಚೀಸನ್ನು ಕೊಳ್ಳುವವರು ಇದನ್ನು ನೆನಪಿಡಬೇಕು. ಎರಡರಲ್ಲಿಯೂ ಕೊಬ್ಬಿನ ಬಹುಭಾಗ ಹೃದಯಕ್ಕೆ ಹಿತವಲ್ಲದ ಸಂತೃಪ್ತ ಕೊಬ್ಬೇ, ಉಪ್ಪೂ ಕಡಿಮೆಯಿಲ್ಲ. ಆದ್ದರಿಂದ ಹೆಬ್ಬೆರಳ ಗಾತ್ರದ ತುಂಡು ಊಟಕ್ಕೆ ಭೂಷಣ. ಅದೇ ಊಟವಾದರೆ ಭಾರ.

ನಮ್ಮ ದೇಶದಲ್ಲಿ ಆಡಿನ ಹಾಲಿಗೆ ಪ್ರತಿಷ್ಠೆ ತಂದವರು ಗಾಂಧೀಜಿ. ಹಾಲು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಿದ್ದ ಅವರು, ತೀವ್ರ ಕಾಯಿಲೆಯಿಂದ ಬಳಲಿದಾಗ ಕಸ್ತೂರಬಾ ಅವರ ಮಾತಿನಂತೆ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಅವರು ಅಷ್ಟು ಕಟುವಾಗಿ ತಮ್ಮನ್ನೇ ವಿಚಾರಿಸಿಕೊಂಡರು. ನಾವಾದರೋ ಆ ಹಾಲನ್ನು ಸರ್ವರೋಗ ಪರಿಹಾರವೆಂದು ನಂಬಿಬಿಟ್ಟೆವು. ಈಗ ಅದರ ಚೀಸಿಗೂ ಅದೇ ಕೀರ್ತಿ ಅಂಟುತ್ತಿದೆ. ಹಸುವಿನ ಹಾಲು ಒಗ್ಗದ ಮಗುವಿಗೆ ಇದು ಒಗ್ಗುತ್ತದೆ ಎನ್ನುತ್ತಾರೆ. ಇದು ಅಪಾಯದ ಮಾತು. ಹಸು ಮತ್ತು ಆಡಿನ ಹಾಲಿನ ಪ್ರೋಟೀನುಗಳು ಬಹಳ ಹತ್ತಿರದ ದಾಯಾದಿಗಳು; ಒಂದಕ್ಕೆ ಅಲರ್ಜಿ ಇರುವ ಬಹುಮಂದಿಗೆ ಇನ್ನೊಂದೂ ವಿಷವೇ. ಹಾಲಿನ ಸಕ್ಕರೆ ಜೀರ್ಣವಾಗದವರ ಸಂಗತಿ ಬೇರೆ. ಆ ಸಕ್ಕರೆ ಆಡಿನ ಹಾಲಿನಲ್ಲೂ ಇದೆ. ಚೀಸ್ ಹಳೆಯದಾದಂತೆ ಅದು ಕಡಿಮೆಯಾಗುತ್ತದೆ ಎಂಬಷ್ಟೇ ಸಮಾಧಾನ. ಕೂಸಿಗೆ ಆಡಿನ ಹಾಲೊಂದನ್ನೇ ಕುಡಿಸಿ ಬೆಳೆಸಿದರೆ, ಅದರಲ್ಲಿ ಫೋಲಿಕ್ ಆಮ್ಲ ತೀರ ಕಡಿಮೆಯಾದ್ದರಿಂದ ರಕ್ತಹೀನತೆ ಬರುತ್ತದೆಂಬುದನ್ನು ವೈದ್ಯಶಾಸ್ತ್ರ ಬಹಳ ಹಿಂದೆಯೇ ಕಂಡುಕೊಂಡಿದೆ.

ಇನ್ನೊಂದು ಎಚ್ಚರಿಕೆಯನ್ನು ಮಾಲ್ಟಾ ದ್ವೀಪ ಕೊಟ್ಟಿದೆ. ಅಲ್ಲಿದ್ದ ಬ್ರಿಟಿಷ್ ಸಿಪಾಯಿಗಳನ್ನು ದೀರ್ಘಕಾಲದ ಜ್ವರವೊಂದು ಕಾಡುತ್ತಿತ್ತು. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1887ರಲ್ಲಿ ಅದರ ರೋಗಾಣುವನ್ನು ಗುರುತಿಸಿದನು. ಅದು ಬರುವ ದಾರಿ ತಿಳಿಯಲು ಮತ್ತೆ 18 ವರ್ಷ ಬೇಕಾಯಿತು. ಆ ದ್ವೀಪದವನೇ ಆದ ಥೆಮಿಸ್ಟೊಕ್ಲಿಸ್ ಜಮಿಟ್ ಎಂಬ ವೈದ್ಯ 1905ರಲ್ಲಿ ಆಡಿನ ರಕ್ತವನ್ನು ಪರೀಕ್ಷಿಸಿ, ನೋಡಲು ಆರೋಗ್ಯವಾಗಿದ್ದ ಆಡುಗಳ ಹಾಲೇ ಜ್ವರದ ಮೂಲವೆಂದು ತೋರುವ ದಾರಿ ತೆರೆದನು. ಮರುವರ್ಷ ಸೈನ್ಯದ ಊಟದಿಂದ ಆ ಹಾಲನ್ನು ತೆಗೆದರು. ಸಿಪಾಯಿಗಳಲ್ಲಿ ಜ್ವರವೂ ಇಳಿಯಿತು. ಹಾಲನ್ನು ಕಾಯಿಸಿ ಶುದ್ಧಿ ಮಾಡಿ ತಯಾರಿಸಿದ ಚೀಸನ್ನೇ ಕೊಳ್ಳಬೇಕು. ಗರ್ಭಿಣಿಯರಂತೂ ಹಸಿಹಾಲಿನ ಚೀಸನ್ನೂ, ಬೂಷ್ಟು ಬೆಳೆಸಿ ಮಾಗಿಸಿದ ಮೃದು ಚೀಸನ್ನೂ ದೂರವಿಡಬೇಕು.

ಇಷ್ಟು ಕೇಳಿದ ಮೇಲೆ ತಿನ್ನುವ ಆಸೆಯೇ ಹೋಯಿತೆನ್ನಬೇಡಿ. ಹುಳಿಯಿಂದ ಹೆಪ್ಪುಗಟ್ಟಿದ ಚೀಸ್, ನಮ್ಮ ಪನೀರಿನಂತೆಯೇ, ಬಿಸಿಗೆ ಕರಗಿ ಹರಿಯುವುದಿಲ್ಲ, ಮೆತ್ತಗಾಗಿ ನಿಲ್ಲುತ್ತದೆ. ಈ ಗುಣವನ್ನರಿತ ಫ್ರೆಂಚರು ಬ್ರೆಡ್ಡಿನ ಬಿಲ್ಲೆಯ ಮೇಲೆ ಅದನ್ನಿಟ್ಟು ಬಿಸಿ ಮಾಡಿ, ಹಸಿ ಸೊಪ್ಪಿನ ಮೇಲೆ ಬಡಿಸುತ್ತಾರೆ. ಅದರ ಹುಳಿಗೆ ಜೇನು, ಅಂಜೂರ, ಬೀಟ್‌ರೂಟಿನ ಸಿಹಿ ಒಳ್ಳೆಯ ಜೊತೆ. ಮೃದುತ್ವಕ್ಕೆ ಆಕ್ರೋಟಿನ ಗಡಸು ಜೊತೆ. ಗ್ರೀಸಿನ ಫೆಟಾ ಮುಖ್ಯವಾಗಿ ಕುರಿಯ ಹಾಲಿನದು. ಅದರಲ್ಲಿ ಆಡಿನ ಹಾಲು ಶೇಕಡಾ 30ರವರೆಗೆ ಸೇರಬಹುದೆಂದು ನಿಯಮವಿದೆ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಅದನ್ನು ಟೊಮ್ಯಾಟೊ, ಸೌತೆಕಾಯಿಯೊಡನೆ ತಿನ್ನುತ್ತಾರೆ. ನಾರ್ವೆಯವರ ಕಂದು ಚೀಸ್ ಬೇರೆಯೇ ಜಾತಿ. ನಾವು ಚೆಲ್ಲುವ ತಿಳಿನೀರನ್ನೇ ಅವರು ಗಂಟೆಗಟ್ಟಲೆ ಕುದಿಸಿ, ಹಾಲಿನ ಸಕ್ಕರೆ ಕಂದಾಗುವವರೆಗೆ ಇಂಗಿಸುತ್ತಾರೆ. 2013ರ ಜನವರಿಯಲ್ಲಿ ಇಂಥ ಚೀಸನ್ನು ಸುಮಾರು 27 ಟನ್ನು ಹೇರಿದ್ದ ಲಾರಿಯೊಂದಕ್ಕೆ ಅಲ್ಲಿನ ಸುರಂಗದಲ್ಲಿ ಬೆಂಕಿ ಹತ್ತಿ, ಐದು ದಿನ ಉರಿಯಿತು. ಅದರ ಕ್ಯಾಲೊರಿ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ!

ಸಸ್ಯಾಹಾರಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬಹುದು. ರೆನೆಟ್ ಎಂಬುದು ಹಿಂದಿನಿಂದ ಬಂದ ಪದ್ಧತಿಯಲ್ಲಿ ಕರುವಿನ ಅಥವಾ ಆಡಿನ ಮರಿಯ ಜಠರದಿಂದ ತೆಗೆದದ್ದು. ಹಾಲುಣ್ಣುವ ಮರಿಯನ್ನು ಕೊಂದು ಹಾಲನ್ನು ಉಳಿಸುವುದು ನಮ್ಮಲ್ಲಿ ಅನೇಕರಿಗೆ ಸಹ್ಯವಲ್ಲ. ಆದರೆ ಅಂಜೂರದ ಹಾಲಿನಿಂದ ಹೆಪ್ಪುಗಟ್ಟಿಸುವ ಕ್ರಮ ಪ್ರಾಚೀನ ಗ್ರೀಕರಿಗೇ ಗೊತ್ತಿತ್ತು. ಈಗ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಧಾರಾಳವಾಗಿ ಬಳಕೆಯಲ್ಲಿದೆ. ಪೊಟ್ಟಣದ ಮೇಲಿನ ಅಕ್ಷರವನ್ನು ಓದುವ ತಾಳ್ಮೆಯಿದ್ದರೆ ಸಾಕು.

ಕೊನೆಗೊಂದು ಮಾತು. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ 14.88 ಕೋಟಿ ಆಡುಗಳಿದ್ದವು. ಅವುಗಳ ಒಡೆಯರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿಯವರು, ಭೂಮಿಯಿಲ್ಲದವರು. ಲ್ವಾರ್ ನದಿಯ ಸೀಮೆಯಲ್ಲಿಯೂ ಒಂದು ಕಾಲಕ್ಕೆ ಇದು ಅಂಥವರ ಊಟವೇ. ಇಂದು ಅದೇ ಪದಾರ್ಥ ನಮ್ಮ ನಗರಗಳ ದುಬಾರಿ ಅಂಗಡಿಗಳಲ್ಲಿ ಶ್ರೀಮಂತರ ಪಥ್ಯವಾಗಿ ಕುಳಿತಿದೆ. ಔಷಧವೆಂಬ ಹುಸಿ ಕೀರ್ತಿ ಅದಕ್ಕೆ ಬೇಡ. ಬೇಲಿಯ ಸೊಪ್ಪು, ಆಡಿನ ಮೈ, ಒಬ್ಬ ಹೆಂಗಸಿನ ಮುಂದಾಲೋಚನೆ ಈ ಮೂರೂ ಕೂಡಿ ಒಂದು ದಿನದ ಹಾಲಿಗೆ ಒಂದು ಮಾಗಿಯ ಆಯುಷ್ಯ ಕೊಟ್ಟವು ಎಂಬ ನಿಜವಾದ ಕೀರ್ತಿಯೇ ಸಾಕಷ್ಟು ದೊಡ್ಡದು. ಆಡನ್ನು ಕಾಯುವವನಿಗೂ ಆ ಕೀರ್ತಿಯಲ್ಲಿ, ಅದರ ಬೆಲೆಯಲ್ಲಿ, ಒಂದು ಪಾಲು ಸಲ್ಲಬೇಕಷ್ಟೆ.