ಎಳೆಯರಿಗೆ ಅಕ್ಷರ-ಅಂಕಿಗಳನ್ನು ಆಟದಿಂದ ಕಲಿಸುವ ಬಗೆ

(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



“ಆಟವಾಡಿಸುವದಕ್ಕೆ ಶಾಲೆಯೇಕೆ, ಓಣಿಯೇ ಸಾಲದೆ?” ಎಂದು ಹಿರಿಯರು ಕೇಳುವದುಂಟು. ಪ್ರಶ್ನೆ ಸಾಧುವಾದುದೇ. ಆಟವೆಂಬ ಹೆಸರಿನಲ್ಲಿ ಚುರುಕಾದ ನಾಲ್ವರು ಉತ್ತರ ಹೇಳಿ, ಮಿಕ್ಕವರೆಲ್ಲ ಚಪ್ಪಾಳೆ ತಟ್ಟಿ ಮನೆಗೆ ಹೋಗುವ ತರಗತಿಗಳೂ ಇವೆ. ಅದರಿಂದ ಹಿಂದೆ ಬಿದ್ದ ಕೂಸಿಗೆ ಏನೂ ಲಾಭವಿಲ್ಲ. ಮನೆಯಲ್ಲಿ ಒಂದು ಪುಸ್ತಕವನ್ನೂ ಕಾಣದ ಆ ಮಗು ಮೊದಲ ಎರಡು ಇಯತ್ತೆಗಳಲ್ಲಿ ಓದು ಕಲಿಯದೆ ಮುಂದೆ ಸಾಗಿದರೆ, ಮೇಲಿನ ಇಯತ್ತೆಗಳಲ್ಲಿ ಮೂಕನಂತೆ ಕುಳಿತು, ಕಡೆಗೊಂದು ದಿನ ಶಾಲೆಯನ್ನೇ ಬಿಡುವದು. ಆದಕಾರಣ ಯಾವ ಆಟ ಯಾವುದನ್ನು ಕಲಿಸುವದಕ್ಕೆ ಎಂಬುದು ಶಿಕ್ಷಕನಿಗೆ ಮೊದಲು ತಿಳಿದಿರತಕ್ಕದ್ದು.

ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮವು ವ್ಯಾಕರಣಕ್ಕೆ ಭೂಷಣ. ಎಳೆಯ ಕೈಗೆ ಮಾತ್ರ ಕಠಿಣ. ಹದಿನೈದು ದಿನ ಸ್ವರಗಳನ್ನು ತಿದ್ದಿದರೂ ಓದಿ ಹಿಗ್ಗುವಂಥ ಒಂದು ಶಬ್ದ ಮಗುವಿಗೆ ದೊರೆಯದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾಗಿ, 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿಯು ರ, ಗ, ಸ, ದ, ಅ ಎಂಬ ಐದರಿಂದ ಆರಂಭಿಸಿತು. ಬರೆಯಲು ಸುಲಭವಾದ ಈ ಐದರಲ್ಲಿಯೇ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲವೂ ಅಡಗಿವೆ.

ಐದು ಮಕ್ಕಳ ಕೊರಳಿಗೆ ಈ ಅಕ್ಷರಗಳ ರಟ್ಟುಗಳನ್ನು ಕಟ್ಟಿ “ಅರಸ ಬರಲಿ” ಎನ್ನಿರಿ. ಮೂವರು ಓಡಿಬಂದು ಸಾಲಾಗಿ ನಿಲ್ಲಲಿ. ನಡುವಿನ ರಕಾರ ಸರಿದು ಗಕಾರ ನಿಂತೊಡನೆ ಅರಸನು ಅಗಸನಾಗುವನು! ಇಬ್ಬರಿಗೂ ಇರುವ ಅಂತರ ಒಂದೇ ಅಕ್ಷರವೆಂದು ಕಂಡು ಮಕ್ಕಳಿಗಿಂತ ನಾನೇ ಹೆಚ್ಚು ನಕ್ಕದ್ದುಂಟು. ಮುಂದೆ ಕಾಗುಣಿತ ಬಂದಾಗ ‘ಬಳೆ’ಯ ಬಕಾರಕ್ಕೆ ಇಳಿ ಕೊಟ್ಟು ‘ಬಾಳೆ’ ಮಾಡಿಸಿರಿ. ಒತ್ತಕ್ಷರದ ಸರದಿಯಲ್ಲಿ ‘ಕತೆ’ ಎಂಬ ರಟ್ಟಿನ ಕೆಳಗೆ ತಕಾರದ ಒತ್ತನ್ನು ಒಬ್ಬನು ಹಿಡಿಯಲಿ, ಕತೆಯು ಕತ್ತೆಯಾಗುವದು. ಹೀಗೆ ನಗುತ್ತ ಕಂಡ ಒತ್ತನ್ನು ಮಗು ಬರವಣಿಗೆಯಲ್ಲಿ ಸುಲಭವಾಗಿ ಬಿಡದು. ಆದರೆ ಪ್ರತಿಯೊಂದು ಮಗುವಿನ ಕೊರಳಿಗೂ ರಟ್ಟು ಬರಬೇಕು. ಹಿಂದೆ ಬಿದ್ದವರ ಸರದಿ ಮೊದಲು.

ಇಂಥದ್ದಕ್ಕೆಲ್ಲ ಹಣವೆಲ್ಲಿ ಎನ್ನುವವರಿಗೆ ಒಂದು ಸಂಗತಿ. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ನಮ್ಮ ಮಕ್ಕಳು ನೆಲದ ಮರಳಿನಲ್ಲಿ ಬೆರಳಿನಿಂದ ಬರೆಯುವದನ್ನು ಕಂಡು, ಅದನ್ನೇ ತನ್ನ ಶಾಲೆಯಲ್ಲಿ ನಡೆಸಿ, 1797ರಲ್ಲಿ ಆ ಪ್ರಯೋಗದ ವಿಷಯವಾಗಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಮರಳು ಇಂದಿಗೂ ನಮ್ಮಲ್ಲಿಯೇ ಇದೆ.

ಗಣಿತದಲ್ಲಿ ನಮ್ಮ ನುಡಿಯೇ ಅರ್ಧ ಶಿಕ್ಷಕ. ಹಿಂದಿಯ ಮಗು ನೂರರವರೆಗಿನ ಸಂಖ್ಯೆಗಳ ಹೆಸರುಗಳನ್ನು ಬಹುಮಟ್ಟಿಗೆ ಬಿಡಿಬಿಡಿಯಾಗಿ ನೆನಪಿಡಬೇಕು. ಕನ್ನಡದ ಮಗುವಿಗೆ ‘ಮೂವತ್ತೆರಡು’ ಎಂಬಲ್ಲಿಯೇ ಮೂರು ಹತ್ತು, ಮೇಲೆ ಎರಡು ಎಂದು ಕೇಳಿಸುವದು. ಆ ಕೇಳಿದ್ದನ್ನು ಕಣ್ಣಿಗೆ ತೋರಿಸುವದಷ್ಟೆ ನಮ್ಮ ಕೆಲಸ. ಒಂದೊಂದಾಗಿ ಎಣಿಸುವದನ್ನು ಅಳಗುಳಿಮಣೆ ಚೆನ್ನಾಗಿ ಕಲಿಸುವದು. ಅದರ 14 ಕುಳಿಗಳಿಗೆ 4ರಂತೆ ಹುಣಿಸೆಬೀಜ ಹಂಚಿದರೆ 56 ಬೀಜಗಳು. ಹತ್ತರ ಅರಿವಿಗೆ ಕಡ್ಡಿಗಳೇ ಲೇಸು. ಹತ್ತು ಕಡ್ಡಿ ಕೂಡಿದೊಡನೆ ಮಗುವೇ ದಾರದಿಂದ ಕಟ್ಟಲಿ. ಶಿಕ್ಷಕರು ಕಟ್ಟಿ ಕೊಡಬಾರದು. ಬಳಿಕ ಮೂರು ಕಟ್ಟು, ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು “ಇದರಲ್ಲಿ ಏಳು ಕೊಡು” ಎನ್ನಿರಿ. ಮಗು ಬಿಡಿ ಕಡ್ಡಿಗಳನ್ನು ನೋಡುವದು, ಸಾಲದೆಂದು ತಿಳಿಯುವದು, ಸುಮ್ಮನಿರುವದು. ಆಗ ನೀವೂ ಸುಮ್ಮನಿರಿ. “ಒಂದು ಕಟ್ಟು ಬಿಚ್ಚಲೇ?” ಎಂದು ಅದು ತಾನಾಗಿ ಕೇಳುವವರೆಗೆ ದಶಕ ತೆಗೆದು ಕಳೆಯುವ ಲೆಕ್ಕವನ್ನು ಹಲಗೆಯ ಮೇಲೆ ಬರೆಯಬೇಡಿರಿ.